ಹೆರಿಗೆಯ ನಂತರದ ಹತ್ತು ದಿನ: ಅಮೆರಿಕದ ಕಪ್ಪು ತಾಯಂದಿರು ಮತ್ತು ಮನೆ ಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆ

ತಾಯಿ ಮರಣದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಜನನ-ಮರಣ ಎಣಿಸುವ ಭಾರತ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ 2018–20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ತೀರಿಕೊಂಡರು. 2021ರಲ್ಲಿ ಅಮೆರಿಕದ ಕಪ್ಪು ಮಹಿಳೆಯರಲ್ಲಿ ಅದೇ ಅಂಕಿ 69.9. ಎರಡೂ ಕಡೆ ಎಣಿಸುವ ಕ್ರಮ ಒಂದೇ ಅಲ್ಲ, 2021 ಕೋವಿಡ್ ವರ್ಷ ಬೇರೆ. ಆದರೂ ಆರೋಗ್ಯಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಸುರಿಯುವ ದೇಶದ ಒಂದು ಸಮುದಾಯದ ತಾಯಂದಿರು ನಮ್ಮ ರಾಜ್ಯದ ಸರಾಸರಿ ತಾಯಿಯಷ್ಟೇ ಅಪಾಯದಲ್ಲಿದ್ದರು ಎಂಬುದನ್ನು ಸುಲಭವಾಗಿ ದಾಟಿಹೋಗಲಾಗದು.

ಕೋವಿಡ್ ಇಳಿದ ಮೇಲೆ ಏನಾಯಿತೆಂಬುದು ಇನ್ನೂ ಮುಖ್ಯ. 2022ರಲ್ಲಿ ಬಿಳಿಯ ಮಹಿಳೆಯರಲ್ಲಿ ಲಕ್ಷಕ್ಕೆ 19.0 ಇದ್ದ ಮರಣ ಪ್ರಮಾಣ 2023ರಲ್ಲಿ 14.5ಕ್ಕೆ ಇಳಿಯಿತು. ಕಪ್ಪು ಮಹಿಳೆಯರಲ್ಲಿ 49.5 ಇದ್ದದ್ದು 50.3ರಲ್ಲಿ ನಿಂತಿತು. ಅಂದರೆ ಮೂರೂವರೆ ಪಟ್ಟು ಅಂತರ.

ಇದನ್ನು ಬಡತನದ ಲೆಕ್ಕಕ್ಕೆ ಬರೆದು ಮುಗಿಸಲಾಗದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಾಲೇಜು ಪದವಿ ಪಡೆದ ಕಪ್ಪು ಮಹಿಳೆಯರ ಗರ್ಭಸಂಬಂಧಿ ಮರಣ ಪ್ರಮಾಣ, ಹೈಸ್ಕೂಲನ್ನೂ ಮುಗಿಸದ ಬಿಳಿಯ ಮಹಿಳೆಯರಿಗಿಂತ ಹೆಚ್ಚಿತ್ತು. ಅದೇ ಸಿಡಿಸಿಯಲ್ಲಿ ಸಾಂಕ್ರಾಮಿಕ ರೋಗ ತಜ್ಞೆಯಾಗಿದ್ದ, ಆರೋಗ್ಯದ ಅಸಮಾನತೆಯನ್ನೇ ಅಧ್ಯಯನ ಮಾಡುತ್ತಿದ್ದ ಡಾ. ಶಲಾನ್ ಅರ್ವಿಂಗ್ 2017ರ ಜನವರಿಯಲ್ಲಿ, ಹೆರಿಗೆಯಾಗಿ ಮೂರು ವಾರಕ್ಕೆ, ರಕ್ತದೊತ್ತಡದ ತೊಡಕಿನಿಂದ ತೀರಿಕೊಂಡರು. ಓದು, ವಿಮೆ, ಸ್ವತಃ ಆರೋಗ್ಯ ಇಲಾಖೆಯ ಅಧಿಕಾರಿ ಎಂಬ ಸ್ಥಾನ ಎಲ್ಲವೂ ಅವರಿಗಿತ್ತು.

ಸಾವು ಯಾವಾಗ ಬರುತ್ತದೆ ಎಂದು ನೋಡಿದರೆ ದಾರಿ ಸ್ವಲ್ಪ ಕಾಣುತ್ತದೆ. 36 ರಾಜ್ಯಗಳ ತಾಯಿ ಮರಣ ಪರಿಶೀಲನಾ ಸಮಿತಿಗಳು 2017–19ರ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು (ಶೇ 53) ಸಾವುಗಳು ಹೆರಿಗೆಯಾದ ಒಂದು ವಾರದಿಂದ ಒಂದು ವರ್ಷದೊಳಗೆ ಆಗಿದ್ದವು. ಶೇ 80ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಾಗಿತ್ತು ಎಂಬುದು ಆ ಸಮಿತಿಗಳ ತೀರ್ಮಾನ. ಕಪ್ಪು ಮಹಿಳೆಯರಲ್ಲಿ ಮೊದಲ ಕಾರಣ ಹೃದಯದ ತೊಂದರೆಗಳು. ಹೀಗಾಗಿ ಪ್ರಶ್ನೆ ಹೆರಿಗೆ ಕೋಣೆಯಿಂದ ಆಚೆಗೂ ಹರಡುತ್ತದೆ: ಬಾಣಂತಿ ಮನೆಗೆ ಹೋದ ಮೇಲೆ ಅವಳನ್ನು ನೋಡುವವರು ಯಾರು? ಸಮುದಾಯ ಆರೋಗ್ಯ ಕಾರ್ಯಕರ್ತೆಯ ಕೆಲಸ ಶುರುವಾಗುವುದೇ ಇಲ್ಲಿ.

ಫಿಲಡೆಲ್ಫಿಯಾದ ಪಾಠ

ಹೆರಿಗೆಯ ನಂತರ ರಕ್ತದೊತ್ತಡ ತಕ್ಷಣ ಇಳಿದುಬಿಡುವುದಿಲ್ಲ. ಸಾಮಾನ್ಯವಾಗಿ ಅದು ಗರಿಷ್ಠ ಮಟ್ಟ ಮುಟ್ಟುವುದು ಮೂರರಿಂದ ಆರನೇ ದಿನದ ನಡುವೆ. ಸಹಜ ಹೆರಿಗೆಯಾದವರು ಎರಡನೇ ದಿನಕ್ಕೇ ಮನೆಗೆ ಹೋಗಿರುತ್ತಾರೆ. ಗರ್ಭನಂಜಿನ (ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರುವ ತೊಂದರೆ) ಲಕ್ಷಣವಿದ್ದವರ ಬಿ.ಪಿ.ಯನ್ನು 7–10 ದಿನದೊಳಗೆ, ತೀವ್ರ ಏರಿಕೆ ಇದ್ದವರದ್ದನ್ನು 72 ಗಂಟೆಯೊಳಗೆ ಮತ್ತೆ ನೋಡಬೇಕೆಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ಶಿಫಾರಸು. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಗರ್ಭಾವಸ್ಥೆಯಲ್ಲಿ ಬಿ.ಪಿ. ಏರಿದ್ದ ತಾಯಂದಿರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕ್ಲಿನಿಕ್ಕಿಗೆ ಬನ್ನಿ ಎಂದು ದಿನಾಂಕ ಕೊಟ್ಟರು. ಇನ್ನೊಂದು ಗುಂಪಿಗೆ ಬಿ.ಪಿ. ಯಂತ್ರ ಕೊಟ್ಟು ಮನೆಗೆ ಕಳಿಸಿ, ದಿನಕ್ಕೆರಡು ಸಲ ಅಳತೆಯನ್ನು ಮೊಬೈಲ್ ಸಂದೇಶದಲ್ಲಿ ಕಳಿಸಿ ಎಂದರು. ಹತ್ತು ದಿನದೊಳಗೆ ಒಂದಾದರೂ ಅಳತೆ ಸಿಕ್ಕಿದ್ದು ಕ್ಲಿನಿಕ್ ಗುಂಪಿನಲ್ಲಿ ಸುಮಾರು ಶೇ 44 ಮಂದಿಯದ್ದು, ಸಂದೇಶದ ಗುಂಪಿನಲ್ಲಿ ಶೇ 92 ಮಂದಿಯದ್ದು. ಒಳಗಿನ ಲೆಕ್ಕ ಇನ್ನೂ ಮಾತಾಡುತ್ತದೆ. ಕ್ಲಿನಿಕ್ ಗುಂಪಿನಲ್ಲಿ ಕಪ್ಪು ತಾಯಂದಿರ ಪೈಕಿ ಮೂರನೇ ಒಂದು ಭಾಗದವರ ಅಳತೆ ಮಾತ್ರ ಸಿಕ್ಕಿತು, ಉಳಿದವರ ಪೈಕಿ ಶೇ 70ರಷ್ಟು ಮಂದಿಯದ್ದು ಸಿಕ್ಕಿತು. ಸಂದೇಶದ ಗುಂಪಿನಲ್ಲಿ ಇಬ್ಬರದ್ದೂ ಶೇ 90 ದಾಟಿ, ಅಂತರವೇ ಉಳಿಯಲಿಲ್ಲ.

ಈ ಫಲಿತಾಂಶವನ್ನು ನಾನು ಓದುವುದು ಹೀಗೆ: ಕಪ್ಪು ತಾಯಂದಿರಿಗೆ ತಮ್ಮ ಆರೋಗ್ಯದ ಕಾಳಜಿ ಇಲ್ಲ ಎಂದು ಆಸ್ಪತ್ರೆಯ ಕಾರಿಡಾರುಗಳಲ್ಲಿ ಕೇಳಿಬರುವ ಮಾತು ಸುಳ್ಳು. ಹಸುಗೂಸು, ಹೊಲಿಗೆ ಹಾಕಿದ ಹೊಟ್ಟೆ, ಎರಡು ಬಸ್ಸು ಬದಲಿಸಬೇಕಾದ ದಾರಿ, ಹೆರಿಗೆ ರಜೆ ಸಿಗದ ಕೆಲಸ, ಇವೆಲ್ಲವನ್ನೂ ದಾಟಿ ಬರಬೇಕೆಂಬ ಷರತ್ತನ್ನು ತೆಗೆದರೆ ಸಾಕು, ಅವರು ಉತ್ತರಿಸುತ್ತಾರೆ. ಆದರೆ ಸಂದೇಶಕ್ಕೆ ಒಂದು ಮಿತಿಯಿದೆ. ಮೊಬೈಲಿನಲ್ಲಿ 162/112 ಎಂದು ಬಂದಾಗ, ಅವಳ ಮಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಯಾರಿದ್ದಾರೆ, ಆಸ್ಪತ್ರೆಗೆ ಹೋಗಲು ಅವಳು ಏಕೆ ಹೆದರುತ್ತಿದ್ದಾಳೆ ಎಂಬುದು ಮೊಬೈಲಿಗೆ ತಿಳಿಯುವುದಿಲ್ಲ.

ಮನೆಭೇಟಿಯಲ್ಲಿ ಏನು ನಡೆಯಬೇಕು

ಸಮುದಾಯ ಆರೋಗ್ಯ ಕಾರ್ಯಕರ್ತೆ ಎಂದರೆ ನರ್ಸ್ ಅಲ್ಲ, ಸಮಾಜಸೇವಾ ಇಲಾಖೆಯ ಇನ್ಸ್‌ಪೆಕ್ಟರ್ ಅಂತೂ ಅಲ್ಲವೇ ಅಲ್ಲ. ಅದೇ ಬೀದಿಯವಳು, ಅದೇ ಚರ್ಚಿಗೆ ಹೋಗುವವಳು, ಜನ ನಂಬುವವಳು. ನಮ್ಮ ಆಶಾ ಕಾರ್ಯಕರ್ತೆಯನ್ನು ಕಣ್ಣಮುಂದೆ ತಂದುಕೊಂಡರೆ ಬಹುಪಾಲು ಸರಿಹೋಗುತ್ತದೆ. ತರಬೇತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಪ್ರಮಾಣಪತ್ರಕ್ಕೆ 160 ಗಂಟೆಗಳ ತರಗತಿ. ವಾಷಿಂಗ್ಟನ್ ಡಿ.ಸಿ.ಯ ಮಮಟೋಟೊ ವಿಲೇಜ್ ಎಂಬ ಸಂಸ್ಥೆ ಕಪ್ಪು ಮಹಿಳೆಯರನ್ನೇ ಗರ್ಭಿಣಿ-ಬಾಣಂತಿಯರ ಆರೈಕೆಗೆಂದು ತರಬೇತಿಗೊಳಿಸುತ್ತದೆ.

ಬಾಣಂತಿ ಮನೆಗೆ ಬಂದ 72 ಗಂಟೆಯೊಳಗೆ ಮೊದಲ ಭೇಟಿ ಆಗಬೇಕು. ಬಾಗಿಲಲ್ಲಿ ಫೈಲು ತೆರೆದು ಪ್ರಶ್ನೆ ಶುರುಮಾಡಿದರೆ ಆ ಭೇಟಿ ಹಾಳಾದಂತೆ. ಮಗುವನ್ನು ಕಿತ್ತುಕೊಳ್ಳುವ ಇಲಾಖೆಯ ಭಯ ಕಪ್ಪು ಕುಟುಂಬಗಳಲ್ಲಿ ಆಳವಾಗಿದೆ, ಅದಕ್ಕೆ ಕಾರಣಗಳೂ ಇವೆ. ಆದ್ದರಿಂದ ತಾನು ಯಾರ ಪರವಾಗಿ ಬಂದಿದ್ದೇನೆ, ಏನನ್ನು ಬರೆದುಕೊಳ್ಳುತ್ತೇನೆ, ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಕೇಳುವ ಮೊದಲ ಪ್ರಶ್ನೆ "ನಿನಗೆ ಈಗ ಏನು ಬೇಕು?" ಎಂಬುದಾಗಿರಬೇಕು. ಡೈಪರ್ ಬೇಕು ಎಂದರೆ ಡೈಪರಿನಿಂದಲೇ ಶುರು.

ನಂತರ ಬಿ.ಪಿ. ಸರಳವೆನಿಸುವ ಈ ಕೆಲಸದಲ್ಲೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ತಾಯಿ ಮೂತ್ರಕ್ಕೆ ಹೋಗಿ ಬಂದಿರಬೇಕು, ಹಿಂದಿನ ಅರ್ಧ ಗಂಟೆ ಕಾಫಿ, ಸಿಗರೇಟು ಇರಬಾರದು. ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ತೋಳಿಗೆ ಕಟ್ಟುವ ಯಂತ್ರದ ಪಟ್ಟಿ ಬಟ್ಟೆಯ ಮೇಲಲ್ಲ, ಚರ್ಮದ ಮೇಲೆ. ಅಳೆಯುವಾಗ ಮಾತಿಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು, ಎರಡನ್ನೂ ಬರೆದುಕೊಳ್ಳಬೇಕು.

ಪಟ್ಟಿಯ ಅಳತೆಯ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ತೋಳಿನ ಸುತ್ತಳತೆ 27ರಿಂದ 34 ಸೆಂ.ಮೀ. ಇದ್ದರೆ ಸಾಮಾನ್ಯ ಪಟ್ಟಿ, 35ರಿಂದ 44 ಇದ್ದರೆ ದೊಡ್ಡದು, ಅದಕ್ಕೂ ಮೇಲಿದ್ದರೆ ಅತಿ ದೊಡ್ಡದು. 2023ರಲ್ಲಿ ಪ್ರಕಟವಾದ ಜಾನ್ಸ್ ಹಾಪ್ಕಿನ್ಸ್ ಅಧ್ಯಯನದಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8ರಷ್ಟು, ಅತಿ ದೊಡ್ಡದು ಬೇಕಾದವರಿಗೆ 19.5ರಷ್ಟು ಹೆಚ್ಚು ತೋರಿಸಿತು. ಸಣ್ಣ ತೋಳಿನವರಿಗೆ ಇದೇ ಪಟ್ಟಿ ಕಡಿಮೆ ತೋರಿಸುತ್ತದೆ. ಅಂದರೆ ಚೀಲದಲ್ಲಿ ಒಂದೇ ಪಟ್ಟಿ ಇಟ್ಟುಕೊಂಡು ಹೊರಟ ಕಾರ್ಯಕರ್ತೆ ಕೆಲವರನ್ನು ವೃಥಾ ಹೆದರಿಸುತ್ತಾಳೆ, ಕೆಲವರ ಅಪಾಯವನ್ನು ಕಾಣದೆ ಹೋಗುತ್ತಾಳೆ. ಒಂದು ಬಟ್ಟೆ ಟೇಪು ಮತ್ತು ಸಣ್ಣದರಿಂದ ಅತಿ ದೊಡ್ಡದರವರೆಗಿನ ಪಟ್ಟಿಗಳು ಅವಳ ಚೀಲದಲ್ಲಿ ಇರಲೇಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ನಿಜಕ್ಕೂ ಆಮ್ಲಜನಕ ಕುಸಿದಿದ್ದರೂ ಯಂತ್ರ ಸರಿಯಿದೆ ಎಂದು ತೋರಿಸುವ ಪ್ರಮಾದ ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲೇ ಗೊತ್ತಾಗಿದೆ. ಯಂತ್ರ 95 ತೋರಿಸುತ್ತಿದ್ದರೂ ತಾಯಿಗೆ ಉಸಿರು ಕಟ್ಟುತ್ತಿದ್ದರೆ ತಾಯಿಯ ಮಾತೇ ನಿಜ.

ಅಳತೆ ಬಂದ ಮೇಲೆ ಮುಂದೇನು ಎಂಬುದು ಕಾರ್ಯಕರ್ತೆಯ ಊಹೆಗೆ ಬಿಟ್ಟದ್ದಾಗಿರಬಾರದು. 140/90 ದಾಟಿದರೆ ಅದೇ ದಿನ ಕ್ಲಿನಿಕ್ಕಿಗೆ ಕರೆ. 160/110 ಮುಟ್ಟಿದರೆ ಹದಿನೈದು ನಿಮಿಷದೊಳಗೆ ಇನ್ನೊಮ್ಮೆ ಅಳತೆ, ಹಾಗೇ ಇದ್ದರೆ ತುರ್ತು ಚಿಕಿತ್ಸೆ. ಆಸ್ಪತ್ರೆ ತಲುಪಿದ ತಾಯಿಗೆ 30ರಿಂದ 60 ನಿಮಿಷದೊಳಗೆ ಬಿ.ಪಿ. ಇಳಿಸುವ ಔಷಧಿ ಬೀಳಬೇಕೆಂಬುದು ನಿಯಮ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಭಾಗದ ನೋವು, ಎದೆನೋವು, ಉಸಿರುಗಟ್ಟುವಿಕೆ, ಒಂದೇ ಕಾಲಿನ ಊತ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆಂಬ ಯೋಚನೆ ಕಂಡರೆ ಯಂತ್ರದ ಅಂಕಿ ಎಷ್ಟೇ ಇರಲಿ, ತಡಮಾಡುವಂತಿಲ್ಲ.

ತುರ್ತು ವಿಭಾಗದ ಬಾಗಿಲಲ್ಲಿ ಹೇಳಬೇಕಾದ ಒಂದು ವಾಕ್ಯವನ್ನು ಪ್ರತಿ ತಾಯಿಗೂ ಬಾಯಿಪಾಠ ಮಾಡಿಸಬೇಕು: "ನನಗೆ ಇಷ್ಟು ವಾರದ ಹಿಂದೆ ಹೆರಿಗೆಯಾಗಿದೆ." ಸಿಡಿಸಿ 2020ರಲ್ಲಿ ಶುರುಮಾಡಿದ 'ಹಿಯರ್ ಹರ್' (ಅವಳ ಮಾತು ಕೇಳಿ) ಅಭಿಯಾನದ ತಿರುಳೂ ಇದೇ. ಕೌಂಟರಿನಲ್ಲಿ ಯಾರೂ ಕೇಳದಿದ್ದರೆ, ಮಗು ಜೊತೆಗಿಲ್ಲದೆ ಬಂದ ಹೆಣ್ಣು ಬಾಣಂತಿ ಎಂದು ಹೊಳೆಯುವುದೇ ಇಲ್ಲ. ತಲೆನೋವಿಗೆ ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ. ಕಾರ್ಯಕರ್ತೆ ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಆಗ ಅವಳು ನರ್ಸುಗಳು ಒಬ್ಬರಿಗೊಬ್ಬರು ಪಾಳಿ ಒಪ್ಪಿಸುವ ಕ್ರಮದಲ್ಲೇ ಮಾತಾಡಬೇಕು: ಈಗ ಏನಾಗುತ್ತಿದೆ, ಹಿಂದೆ ಏನಾಗಿತ್ತು, ನಾನು ಕಂಡದ್ದೇನು, ನಿಮ್ಮಿಂದ ಬೇಕಾದದ್ದೇನು. ಅರ್ಧ ನಿಮಿಷದ ಮಾತು. ಅಮೆರಿಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರು ಬಹಳ ಮಂದಿ ಇದ್ದಾರೆ. ಬಿಳಿ ಕೋಟಿಲ್ಲದ ಈ ಹೆಂಗಸು ಹೇಳುವ ಅರ್ಧ ನಿಮಿಷವನ್ನು ಅವರು ಕೇಳಿಸಿಕೊಂಡರೆ ಅದೊಂದು ದೊಡ್ಡ ಉಪಕಾರ. ಕಪ್ಪು ಜನರ ಚರ್ಮ ದಪ್ಪ ಎಂಬಂಥ ತಪ್ಪು ಕಲ್ಪನೆಗಳಲ್ಲಿ ಒಂದನ್ನಾದರೂ ನಂಬುವ ಬಿಳಿಯ ವೈದ್ಯ ವಿದ್ಯಾರ್ಥಿಗಳು, ಕಿರಿಯ ವೈದ್ಯರು ಅರ್ಧದಷ್ಟಿದ್ದರೆಂದು 2016ರ ಒಂದು ಅಧ್ಯಯನ ತೋರಿಸಿತ್ತು. ನೋವು ಹೇಳಿಕೊಂಡವಳ ಮಾತು ತೂಕ ಕಳೆದುಕೊಳ್ಳುವುದು ಇಂಥ ಕಡೆಯೇ.

ಊಟವನ್ನೇ ಔಷಧಿಯಾಗಿ ಬರೆದುಕೊಟ್ಟ ಊರು

ಇದೆಲ್ಲ ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಮಿಸಿಸಿಪ್ಪಿಯ ಮೌಂಡ್ ಬಾಯೂ ಎಂಬ ಕಪ್ಪು ಜನರೇ ಕಟ್ಟಿದ ಊರಿನಲ್ಲಿ 1967ರಲ್ಲಿ ವೈದ್ಯ ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಡೆಲ್ಟಾ ಆರೋಗ್ಯ ಕೇಂದ್ರ ತೆರೆದರು. ದಕ್ಷಿಣ ಆಫ್ರಿಕಾದ ಫೊಲೆಲಾದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ ನಡೆಸಿದ್ದ ಕೇಂದ್ರದಿಂದ ಗೈಗರ್ ಕಲಿತ ಪಾಠ ಅದು. ಊರಿನವರನ್ನೇ ಕೆಲಸಕ್ಕೆ ತೆಗೆದುಕೊಂಡರು, ಬಾವಿ ತೋಡಿಸಿದರು, ಶೌಚಾಲಯ ಕಟ್ಟಿಸಿದರು, ಸಹಕಾರಿ ಬೇಸಾಯ ಮಾಡಿಸಿದರು. ಅಪೌಷ್ಟಿಕ ಮಕ್ಕಳಿಗೆ ಆಹಾರವನ್ನೇ ಔಷಧಿ ಚೀಟಿಯಲ್ಲಿ ಬರೆದರು. ಸರ್ಕಾರಿ ಅಧಿಕಾರಿ ಬಂದು ಔಷಧದ ಹಣದಲ್ಲಿ ದಿನಸಿ ಕೊಡುವುದೇಕೆ ಎಂದು ಕೇಳಿದಾಗ, ಅಪೌಷ್ಟಿಕತೆಗೆ ಪುಸ್ತಕದಲ್ಲಿರುವ ಚಿಕಿತ್ಸೆಯೇ ಆಹಾರವಲ್ಲವೇ ಎಂದು ಗೈಗರ್ ಉತ್ತರಿಸಿದರಂತೆ.

ಇಂದಿನ ಕಾರ್ಯಕರ್ತೆಯ ದಿನದ ಅರ್ಧ ಭಾಗ ಹೋಗುವುದೂ ಇಂಥದಕ್ಕೇ. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್, ಆಸ್ಪತ್ರೆಗೆ ಹೋಗಿಬರಲು ವಾಹನ ಕೊಡುತ್ತದೆ. ಆದರೆ ಸಾಮಾನ್ಯವಾಗಿ ಎರಡು-ಮೂರು ದಿನ ಮೊದಲೇ ಕಾದಿರಿಸಬೇಕು. ಆ ಮಾಹಿತಿ ತಾಯಿಗೆ ಗೊತ್ತಿರುವುದಿಲ್ಲ. ಹಿಂದೆಲ್ಲ ಹೆರಿಗೆಯಾದ 60 ದಿನಕ್ಕೆ ಮೆಡಿಕೇಡ್ ಮುಗಿಯುತ್ತಿತ್ತು. 2022ರಿಂದ ಅದನ್ನು 12 ತಿಂಗಳಿಗೆ ವಿಸ್ತರಿಸಲು ರಾಜ್ಯಗಳಿಗೆ ಅವಕಾಶವಾಗಿ, ಬಹುತೇಕ ಎಲ್ಲ ರಾಜ್ಯಗಳೂ ವಿಸ್ತರಿಸಿವೆ. ಆದರೆ ಹದಿಮೂರನೇ ತಿಂಗಳು ಏನು? ಟೆಕ್ಸಾಸ್, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿಯಂಥ ರಾಜ್ಯಗಳು ಉಳಿದ ಬಡ ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಿಲ್ಲ, ಕಪ್ಪು ಜನಸಂಖ್ಯೆ ದೊಡ್ಡದಾಗಿರುವುದೂ ಅಲ್ಲಿಯೇ. ಬಲ್ಲ ಕಾರ್ಯಕರ್ತೆ ಹತ್ತನೇ ತಿಂಗಳಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬಿ.ಪಿ. ಮಾತ್ರೆ ನಿಲ್ಲದಂತೆ ಸಮುದಾಯ ಚಿಕಿತ್ಸಾಲಯವೊಂದಕ್ಕೆ ಅವಳ ಹೆಸರು ಬರೆಸಿರುತ್ತಾಳೆ. ಇನ್ನು ಹೆರಿಗೆ ಸೌಲಭ್ಯವೂ ಇಲ್ಲದ, ಪ್ರಸೂತಿ ವೈದ್ಯರೂ ಇಲ್ಲದ ಕೌಂಟಿಗಳು (ನಮ್ಮ ಜಿಲ್ಲೆಯಂಥವು) ಶೇ 35ರಷ್ಟಿವೆ ಎಂದು ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯ 2024ರ ವರದಿ ಹೇಳುತ್ತದೆ.

ನಂಬಿಕೆ ಕಳೆದುಹೋದದ್ದು ಎಲ್ಲಿ

ಆಸ್ಪತ್ರೆಯೆಂದರೆ ಹಿಂಜರಿಕೆ ಏಕೆ ಎಂದು ಕೇಳುವವರು ಅಲಬಾಮಾದ ಮಾಂಟ್ಗೊಮೆರಿಯ ಕತೆ ಓದಬೇಕು. ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎನಿಸಿಕೊಂಡ ಜೆ. ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಅನಾರ್ಕ, ಬೆಟ್ಸಿ, ಲೂಸಿ ಎಂಬ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿದ್ದು ಅಲ್ಲಿ. 1973ರಲ್ಲಿ 14 ಮತ್ತು 12 ವಯಸ್ಸಿನ ರೆಲ್ಫ್ ಸಹೋದರಿಯರಿಗೆ, ಓದಲು ಬಾರದ ತಾಯಿಯಿಂದ ಕಾಗದಕ್ಕೆ ಗುರುತು ಹಾಕಿಸಿಕೊಂಡು, ಸಂತಾನಹರಣ ಶಸ್ತ್ರಕ್ರಿಯೆ ಮಾಡಿದ್ದೂ ಅಲ್ಲಿಯೇ. ಇದು ಅಜ್ಜಿಯರಿಂದ ಮೊಮ್ಮಕ್ಕಳಿಗೆ ದಾಟಿಬಂದ ನೆನಪು.

ಅದೇ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೂಲಗಿತ್ತಿಯರಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ಬಲ್ಲ ನಮಗೆ ಅವರನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಹೆರಿಗೆ ಮಾಡಿಸಿ, ಬಾಣಂತನ ನೋಡಿ, ಒಲೆ ಹಚ್ಚಿಕೊಟ್ಟು ಬರುತ್ತಿದ್ದವರು. ತಾಯಿ-ಮಗುವಿನ ಆರೋಗ್ಯಕ್ಕೆಂದು ಬಂದ 1921ರ ಶೆಪರ್ಡ್-ಟೌನರ್ ಕಾಯ್ದೆಯ ನಂತರ ಅವರ ಮೇಲೆ ಪರವಾನಗಿ, ತಪಾಸಣೆ ಹೆಚ್ಚುತ್ತ ಹೋಯಿತು. 1976ರ ಕಾನೂನು ಅಲಬಾಮಾದಲ್ಲಿ ಅವರ ಕಸುಬನ್ನೇ ಮುಚ್ಚಿಸಿತು. ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಇಂದಿನ ಕಾರ್ಯಕರ್ತೆ ತುಂಬುತ್ತಿರುವುದು ಆ ಖಾಲಿ ಜಾಗವನ್ನು.

ಸ್ತನ ಕ್ಯಾನ್ಸರ್: ಹಾರ್ಲೆಮ್‌ನ ಲೆಕ್ಕ

ಹೆರಿಗೆಯಾಚೆಗೂ ಇದೇ ಮಾದರಿ ನಡೆಯುತ್ತದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಲೆಕ್ಕದಲ್ಲಿ ಕಪ್ಪು ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯರಿಗಿಂತ ತುಸು ಕಡಿಮೆ, ಅದರಿಂದ ಸಾಯುವ ಪ್ರಮಾಣ ಮಾತ್ರ ಶೇ 38ರಷ್ಟು ಹೆಚ್ಚು. ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ 1964ರಿಂದ 1986ರವರೆಗೆ ಚಿಕಿತ್ಸೆ ಪಡೆದ, ಬಹುತೇಕ ಕಪ್ಪು ಮತ್ತು ಬಡ ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಬಂದವರು; ಐದು ವರ್ಷ ಬದುಕಿದವರು ಶೇ 39. ಶಸ್ತ್ರಚಿಕಿತ್ಸಕ ಹೆರಾಲ್ಡ್ ಫ್ರೀಮನ್ ಮೊದಲು ಉಚಿತ ತಪಾಸಣೆ ಶುರುಮಾಡಿದರು. 1990ರಲ್ಲಿ ಅದಕ್ಕೆ ದಾರಿತೋರುವ ಕಾರ್ಯಕರ್ತೆಯರನ್ನು ಸೇರಿಸಿದರು. ಗಂಟು ಕಂಡ ದಿನದಿಂದ ಬಯಾಪ್ಸಿ ಆಗುವವರೆಗೆ, ಬಯಾಪ್ಸಿಯಿಂದ ಚಿಕಿತ್ಸೆ ಶುರುವಾಗುವವರೆಗೆ ರೋಗಿ ಕೈತಪ್ಪಿ ಹೋಗದಂತೆ ನೋಡಿಕೊಳ್ಳುವುದೇ ಅವರ ಕೆಲಸ. 1995–2000ರ ರೋಗಿಗಳಲ್ಲಿ ಆ ಕೊನೆಯ ಎರಡು ಹಂತಗಳಲ್ಲಿ ಬಂದವರು ಶೇ 21ಕ್ಕೆ ಇಳಿದರು, ಐದು ವರ್ಷ ಬದುಕಿದವರು ಶೇ 70ಕ್ಕೇರಿದರು. ತಪಾಸಣೆ ಮತ್ತು ಕಾರ್ಯಕರ್ತೆ ಎರಡೂ ಸೇರಿ ಆದದ್ದಿದು; ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ನಕಲು ಮಾಡಿದ ಕಡೆ ಇಂಥ ಫಲವನ್ನು ನಿರೀಕ್ಷಿಸಲಾಗದು.

ಎಲ್ಲಿ ಕೆಡುತ್ತದೆ

ಮೊದಲನೆಯದು, ಅವಳ ಮೇಲೆ ಹೇರುವ ಸಂಖ್ಯೆ. ಫಿಲಡೆಲ್ಫಿಯಾದ 'ಇಂಪ್ಯಾಕ್ಟ್' ಯೋಜನೆಯಲ್ಲಿ ಒಬ್ಬ ಕಾರ್ಯಕರ್ತೆಗೆ ವರ್ಷಕ್ಕೆ ಸುಮಾರು 55 ರೋಗಿಗಳು. 2020ರ ವಿಶ್ಲೇಷಣೆಯಂತೆ ಅದರಲ್ಲಿ ಹೂಡಿದ ಪ್ರತಿ ಡಾಲರಿಗೆ ಮೆಡಿಕೇಡ್‌ಗೆ ಅದೇ ವರ್ಷದಲ್ಲಿ 2.47 ಡಾಲರ್ ಮರಳಿತು. ಈ ಅಂಕಿಯನ್ನು ತೋರಿಸಿ ಯೋಜನೆ ಮಂಜೂರು ಮಾಡಿಸಿಕೊಂಡು, ಆಮೇಲೆ ಒಬ್ಬಳಿಗೆ ನೂರಾರು ಹೆಸರು ಕೊಟ್ಟು ಫೋನಿನ ಮುಂದೆ ಕೂರಿಸಿದರೆ ಅದು ಬೇರೆಯದೇ ಕೆಲಸವಾಗುತ್ತದೆ.

ಎರಡನೆಯದು, ಎರಡು-ಮೂರು ವರ್ಷದ ಅನುದಾನ. ನಂಬಿಕೆ ಹುಟ್ಟುವ ಹೊತ್ತಿಗೆ ಹಣ ಮುಗಿದು ಕಾರ್ಯಕರ್ತೆ ಕಣ್ಮರೆಯಾಗುತ್ತಾಳೆ. ಮುಂದಿನ ಸಲ ಬಂದ ಹೊಸಬಳಿಗೆ ಬಾಗಿಲು ತೆರೆಯುವುದಿಲ್ಲ.

ಮೂರನೆಯದು ನನಗೆ ಅತಿ ನೋವಿನದು. ಪ್ರಶ್ನಾವಳಿ ಹಿಡಿದು "ಊಟಕ್ಕೆ ತೊಂದರೆಯಿದೆಯೇ, ಬಾಡಿಗೆ ಬಾಕಿಯಿದೆಯೇ" ಎಂದು ಕೇಳಿಸುತ್ತಾರೆ, ಕೊಡಲು ಕೈಯಲ್ಲಿ ಏನನ್ನೂ ಇಟ್ಟಿರುವುದಿಲ್ಲ. ಉಪಯೋಗಕ್ಕೆ ಬಾರದ ಪ್ರಶ್ನೆ ಕೇಳಿ ಒಬ್ಬ ತಾಯಿಯ ಸಂಕಟವನ್ನು ಹೊರಗೆಳೆದು ಹಾಗೇ ಬಿಟ್ಟುಬರುವುದು ಅನ್ಯಾಯ. ದಿನಸಿ, ಟ್ಯಾಕ್ಸಿ, ಡೈಪರಿಗೆ ಕಾರ್ಯಕರ್ತೆ ಯಾರ ಸಹಿಯೂ ಇಲ್ಲದೆ ಖರ್ಚು ಮಾಡಬಹುದಾದ ಸಣ್ಣ ನಿಧಿಯೊಂದು ಬಜೆಟ್ಟಿನಲ್ಲಿ ಇರಬೇಕು.

ಸಂಬಳದ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಹೋಲಿಕೆ ಇದೆ. ಅಮೆರಿಕದಲ್ಲಿ ಈ ವೃತ್ತಿಯ ಮಧ್ಯಮ ವೇತನ 2023ರಲ್ಲಿ ವರ್ಷಕ್ಕೆ ಸುಮಾರು 48,000 ಡಾಲರ್. ನಗರವೊಂದರಲ್ಲಿ ಮಕ್ಕಳೊಂದಿಗೆ ಬದುಕುವವಳಿಗೆ ಅದು ಸಾಲದು. ಕರ್ನಾಟಕದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕೂತು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತ್ತು.

ಹಣ ಯಾರ ಜೇಬಿನಿಂದ

ಮಿನೆಸೋಟ ಬಹಳ ಹಿಂದೆಯೇ, ಕ್ಯಾಲಿಫೋರ್ನಿಯಾ 2022ರ ಜುಲೈಯಿಂದ, ಕಾರ್ಯಕರ್ತೆಯ ಸೇವೆಗೆ ಮೆಡಿಕೇಡ್‌ನಿಂದ ಹಣ ಕೊಡುತ್ತಿವೆ. ಹಿರಿಯರ ವಿಮೆಯಾದ ಮೆಡಿಕೇರ್ ಕೂಡ 2024ರ ಜನವರಿಯಿಂದ ತಿಂಗಳಿಗೆ ಮೊದಲ 60 ನಿಮಿಷಕ್ಕೊಂದು, ಆಮೇಲಿನ ಪ್ರತಿ 30 ನಿಮಿಷಕ್ಕೊಂದು ಬಿಲ್ ಸಂಕೇತ (ಸೇವೆಗೆ ಹಣ ಕೇಳಲು ಬಳಸುವ ಸಂಖ್ಯೆ) ಕೊಟ್ಟಿದೆ. ವೈದ್ಯರು ಒಮ್ಮೆ ನೋಡಿ ಶುರುಮಾಡಿಸಬೇಕು, ರೋಗಿಯ ಒಪ್ಪಿಗೆ ಬರೆದಿಡಬೇಕು. ಸಂಸ್ಥೆಗಳು ಮರೆಯುವ ಒಂದು ಮುಳ್ಳು ಇಲ್ಲಿದೆ: ಶೇ 20ರಷ್ಟು ಪಾಲು ರೋಗಿಯದೇ. ಬಾಡಿಗೆಗೆ ಪರದಾಡುವ ಅಜ್ಜಿಗೆ, ಅದೇ ಬಾಡಿಗೆಯ ಸಹಾಯಕ್ಕೆಂದು ಬಂದವಳ ಹೆಸರಿನಲ್ಲಿ ಅಂಚೆಯಲ್ಲಿ ಬಿಲ್ ಬಂದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಒಪ್ಪಿಗೆ ಪಡೆಯುವಾಗಲೇ ಇದನ್ನು ಬಿಡಿಸಿ ಹೇಳಿ, ಅವರಿಗೆ ಮೆಡಿಕೇಡ್ ಕೂಡ ಸಿಗುತ್ತದೆಯೇ ಎಂದು ನೋಡಬೇಕು.

2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನು ಈ ಕೆಲಸವನ್ನು ಇನ್ನಷ್ಟು ಭಾರ ಮಾಡಲಿದೆ. ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಬಡ ವಯಸ್ಕರು 2027ರಿಂದ ತಿಂಗಳಿಗೆ 80 ಗಂಟೆ ದುಡಿಮೆ, ಓದು ಅಥವಾ ಸಮುದಾಯ ಸೇವೆಯ ದಾಖಲೆ ಒದಗಿಸಬೇಕು, ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಅರ್ಹತೆ ಸಾಬೀತು ಮಾಡಬೇಕು. ಗರ್ಭಿಣಿ, ಬಾಣಂತಿಯರಿಗೆ ಕೆಲಸದ ಷರತ್ತಿನಿಂದ ವಿನಾಯಿತಿ ಇದೆ. ಆದರೆ ವಿನಾಯಿತಿ ಇದೆಯೆಂದು ತೋರಿಸಲೂ ಕಾಗದ ಬೇಕಾಗಬಹುದು, ಮನೆ ಬದಲಿಸಿದವಳಿಗೆ ಆ ಕಾಗದ ಕೇಳುವ ಪತ್ರವೇ ತಲುಪದಿರಬಹುದು. ಮೆಡಿಕೇಡ್ ಪತ್ರ ಬಂದಿದೆಯೇ, ವಿಳಾಸ ಸರಿಯಿದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುವುದು ಬಿ.ಪಿ. ಅಳೆಯುವಷ್ಟೇ ಮುಖ್ಯವಾಗಲಿದೆ.

ಈ ಬಿಲ್ ಸಂಕೇತಗಳೆಲ್ಲ ಎಣಿಸುವುದು ರೋಗಿಗಾಗಿ ಕಳೆದ ನಿಮಿಷಗಳನ್ನು. ದಾರಿಯಲ್ಲಿ ಕಳೆದ ಸಮಯಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಅಲಬಾಮಾದ ಹಳ್ಳಿಗಾಡಿನಲ್ಲಿ ನಲವತ್ತು ಮೈಲಿ ಕಾರು ಓಡಿಸಿ, ಬಾಗಿಲು ತಟ್ಟಿ, ಯಾರೂ ತೆರೆಯದೆ, ಚೀಟಿ ಸಿಕ್ಕಿಸಿ ಮರಳಿ ಬಂದ ಕಾರ್ಯಕರ್ತೆಯ ಆ ದಿನ ಲೆಕ್ಕದಲ್ಲಿ ಸೊನ್ನೆ. ತೆರೆಯದ ಆ ಬಾಗಿಲಿನ ಹಿಂದೆ ಆರನೇ ದಿನದ ಬಾಣಂತಿ ತಲೆನೋವೆಂದು ಮಲಗಿರಬಹುದು. ನಾಳೆ ಮತ್ತೆ ಅಲ್ಲಿಗೆ ಹೋಗಲು ಬೇಕಾದ ಪೆಟ್ರೋಲನ್ನು ಕಾರ್ಯಕರ್ತೆ ಇವತ್ತು ತನ್ನ ಸಂಬಳದಿಂದಲೇ ಹಾಕಿಸಬೇಕು.